ಮೂರು ಕಾಲಿನ ಸ್ಥೈರ್ಯ, ಒಂದು ಕಾಲಿನ ಚುರುಕು

ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಟ್ರೈಪಾಡ್ ಮತ್ತು ಮಾನೋಪಾಡ್ ಎರಡೂ ಸೊಗಸಾದ ರಚನೆಗಳು. ಮೂರು ಬಿಂದುಗಳ ಮೇಲೆ ನಿಂತದ್ದು ಎಂಥ ಉಬ್ಬುತಗ್ಗಿನ ನೆಲದಲ್ಲೂ ಕುಂಟುವುದಿಲ್ಲ. ಟ್ರೈಪಾಡಿನ ಬಲ ಅದೇ. ಅದರ ಪ್ರತಿ ಕಾಲೂ ಒಂದರೊಳಗೊಂದು ಸರಿಯುವ ಕೊಳವೆಗಳ ಜೋಡಣೆ. ದಪ್ಪ ಕೊಳವೆಯನ್ನೇ ಮೊದಲು ಎಳೆದು, ನಡುಗಂಬವನ್ನು ಕೆಳಗೇ ಬಿಟ್ಟು, ಒಂದು ಕಾಲನ್ನು ಲೆನ್ಸ್ ನೋಡುವ ದಿಕ್ಕಿಗೆ ಚಾಚಿದರೆ ಅದು ಬಂಡೆಯಂತೆ ನಿಲ್ಲುತ್ತದೆ. ಕಾರ್ಬನ್ ಫೈಬರ್ ಕಾಲುಗಳು ಅಲ್ಯೂಮಿನಿಯಂಗಿಂತ ಹಗುರ. ಕಂಪನವನ್ನೂ ಬೇಗ ಅಡಗಿಸುತ್ತವೆ.

ಮಾನೋಪಾಡ್ ತಾನಾಗಿ ನಿಲ್ಲದು. ಛಾಯಾಗ್ರಾಹಕರ ಎರಡು ಕಾಲುಗಳೇ ಅದರ ಉಳಿದೆರಡು ಕಾಲುಗಳು. ತುದಿಯನ್ನು ತುಸು ಮುಂದೆ ಊರಿ ಮೈಭಾರವನ್ನು ಅದರತ್ತ ವಾಲಿಸಿದರೆ ಮೇಲೆ ಕೆಳಗಿನ ಅಲುಗಾಟ ಅಡಗುತ್ತದೆ, ಉದ್ದ ಲೆನ್ಸಿನ ತೂಕ ತೋಳಿನಿಂದ ಇಳಿಯುತ್ತದೆ, ಪಕ್ಕಕ್ಕೆ ತಿರುಗುವ ಸ್ವಾತಂತ್ರ್ಯವೂ ಉಳಿಯುತ್ತದೆ.

ಬೆಂಗಳೂರಿನ ವಿಜಯನಗರ, ರಾಜಾಜಿನಗರಗಳಿಂದ ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿಯುವವರಿಗೆ ಎರಡರ ಗುಣವೂ ಒಂದೇ ಪ್ರವಾಸದಲ್ಲಿ ತಿಳಿಯುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲೇ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ; ಬೀದಿಯಲ್ಲಿ ನಡೆಯುತ್ತ ಅವುಗಳ ಹಾರಾಟ ಹಿಂಬಾಲಿಸಲು ಮಾನೋಪಾಡೇ ಸರಿ. ಶಿವನಸಮುದ್ರದ ಗಗನಚುಕ್ಕಿಯ ನೀರು ಹಾಲಿನ ನೊರೆಯಾಗಿ ಮೂಡಬೇಕಾದರೆ ಷಟರ್ ಅರ್ಧ ಸೆಕೆಂಡಾದರೂ ತೆರೆದಿರಬೇಕು. ಅಲ್ಲಿ ಟ್ರೈಪಾಡ್ ಬೇಕೇ ಬೇಕು. ಸೋಮನಾಥಪುರದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಪಡೆಯಬೇಕು.

ಮಂದ ಬೆಳಕು, ನಿಶ್ಚಲ ದೃಶ್ಯಗಳಿಗೆ ಟ್ರೈಪಾಡ್. ಹಕ್ಕಿ, ಜಾತ್ರೆ, ದೂರದ ನಡಿಗೆಗೆ ಮಾನೋಪಾಡ್.