ಮನೆಯ ಸಮೋಸ: ಹೂರಣ ಪಾಸು, ಕಣಕ ಫೇಲು

ಮನೆಯಲ್ಲಿ ಮಾಡಿದ ಸಮೋಸ ತಿಂದವರು ತಪ್ಪದೆ ಹೇಳುವ ಮಾತೊಂದಿದೆ: “ಅಂಗಡಿಯದಕ್ಕಿಂತ ಚೆನ್ನಾಗಿದೆ ಕಣ್ರೀ.” ಬಹಳ ಸಲ ಅದು ದಾಕ್ಷಿಣ್ಯದ ಮಾತು. ನಿಜ ತಿಳಿಯಬೇಕಾದರೆ ತಿಂದೆದ್ದ ತಟ್ಟೆ ನೋಡಬೇಕು. ಒಳಗಿನ ಪಲ್ಯವೆಲ್ಲ ಖಾಲಿಯಾಗಿ, ಅಂಚು ಕೂಡಿದ ದಪ್ಪ ಮೂಲೆಗಳು ಮಾತ್ರ ಚಟ್ನಿಯ ಪಕ್ಕದಲ್ಲಿ ಉಳಿದಿರುತ್ತವೆ. ಒಳ್ಳೆಯ ಅಂಗಡಿಯ ಸಮೋಸದಲ್ಲಿ ಜನ ಮೊದಲು ಮುರಿದು ಬಾಯಿಗೆ ಹಾಕಿಕೊಳ್ಳುವುದೇ ಆ ಮೂಲೆಯನ್ನು. ಮನೆಯವರು ಶ್ರಮ, ಖರ್ಚು, ಕಲ್ಪನೆ ಮೂರನ್ನೂ ಹೂರಣಕ್ಕೆ ಸುರಿದು, ಕಣಕವನ್ನು ಚಪಾತಿ ಹಿಟ್ಟಿನ ಹಾಗೆ ಕಲಸಿ ಮುಗಿಸಿಬಿಡುತ್ತಾರೆ. ಆಲೂಗಡ್ಡೆ ಪಲ್ಯವನ್ನು ದೋಸೆಯಲ್ಲಿ ತಿನ್ನಬಹುದು, ಪೂರಿಯ ಜೊತೆ ತಿನ್ನಬಹುದು, ಬೋಂಡ ಮಾಡಬಹುದು. ಅದು ಸಮೋಸವಾಗುವುದು ಕಣಕದ ದೆಸೆಯಿಂದ.

ಇತಿಹಾಸವೂ ಕಣಕದ ಪಕ್ಷವೇ. 11ನೇ ಶತಮಾನದ ಪಾರಸಿ ಇತಿಹಾಸಕಾರ ಬೈಹಖಿಯ ಬರಹದಲ್ಲೇ ಈ ತಿನಿಸಿನ ಹೆಸರು ಬರುತ್ತದೆ. 14ನೇ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕನ ದಿಲ್ಲಿಗೆ ಬಂದ ಇಬ್ನ್ ಬತೂತ ಅಲ್ಲಿನ ಊಟದಲ್ಲಿ ಬಡಿಸಿದ್ದನ್ನು ವಿವರವಾಗಿ ಬರೆದಿದ್ದಾನೆ: ಕೊಚ್ಚಿದ ಮಾಂಸವನ್ನು ಬಾದಾಮಿ, ಪಿಸ್ತಾ, ಈರುಳ್ಳಿ, ಮಸಾಲೆಗಳ ಜೊತೆ ಬೇಯಿಸಿ, ತೆಳ್ಳನೆಯ ಹಾಳೆಯೊಳಗಿಟ್ಟು ತುಪ್ಪದಲ್ಲಿ ಕರಿದದ್ದು. ಮಾಳವದ ಮಾಂಡುವಿನಿಂದ 1469ರಿಂದ 1500ರವರೆಗೆ ಆಳಿದ ಘಿಯಾಸ್ ಶಾಹನಿಗೆ ತಿನ್ನುವುದೇ ಒಂದು ರಾಜಕಾರ್ಯ. ಅವನಿಗಾಗಿ ಬರೆಸಿದ ‘ನಿಮತ್‌ನಾಮಾ’ ಎಂಬ ಪಾಕಪುಸ್ತಕದಲ್ಲಿ ಸಮೋಸದ ಹಲವು ವಿಧಾನಗಳಿವೆ. ಸುಲ್ತಾನನಿಗೆ ಸಮೋಸ ತಯಾರಾಗುತ್ತಿರುವ ಚಿತ್ರವೂ ಇದೆ. ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇವುಗಳಲ್ಲಿ ಎಲ್ಲಿಯೂ ಆಲೂಗಡ್ಡೆ ಇಲ್ಲ, ಇರುವ ಹಾಗೂ ಇರಲಿಲ್ಲ. ದಕ್ಷಿಣ ಅಮೆರಿಕದ ಆ ಗಡ್ಡೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಇಳಿದದ್ದು ಆಮೇಲೆ. ಊರೂರಿಗೆ ಹಬ್ಬಿದ್ದು ಬ್ರಿಟಿಷರ ಕಾಲದಲ್ಲಿ. ಒಳಗಿನ ಹಸಿಮೆಣಸಿನಕಾಯಿಯೂ ಅದೇ ಅಮೆರಿಕದ್ದು. ಸಮೋಸದಲ್ಲಿ ಆಲೂ ಇರುವ ತನಕ ಬಿಹಾರದಲ್ಲಿ ಲಾಲೂ ಇರುತ್ತಾರೆ ಎಂಬ ಹಳೆಯ ಘೋಷಣೆ ನೆನಪಿರಬಹುದು. ಶಾಶ್ವತಕ್ಕೆ ಸಾಕ್ಷಿಯಾಗಿ ಕರೆದದ್ದು ಸಮೋಸದ ತೀರಾ ಇತ್ತೀಚಿನ ಬಾಡಿಗೆದಾರನನ್ನು! ಮಾಂಸ ಹೋಯಿತು, ಪಿಸ್ತಾ ಹೋಯಿತು, ಆಲೂ ಬಂತು. ಹಿಟ್ಟಿನ ಹೊದಿಕೆಯೊಳಗಿಟ್ಟು ಜಿಡ್ಡಿನಲ್ಲಿ ಕರಿಯುವ ಕ್ರಮ ಮಾತ್ರ ಇದ್ದಲ್ಲೇ ಇದೆ.

ಮನೆಗಳಲ್ಲಿ ಕಣಕ ಕೆಡುವುದು ಎಲ್ಲಿ? ಮೊದಲನೆಯದು ಜಿಡ್ಡಿನ ಭಯ. ಕಾಲು ಕಿಲೋ ಮೈದಾಕ್ಕೆ ಸುಮಾರು 60 ಗ್ರಾಂ ತುಪ್ಪವೋ ಎಣ್ಣೆಯೋ ಬೇಕು. ಅಷ್ಟನ್ನು ಕಂಡರೆ ಕೈ ಹಿಂದೆ ಸರಿಯುತ್ತದೆ, ಎರಡು ಚಮಚಕ್ಕೆ ನಿಲ್ಲಿಸುತ್ತಾರೆ. ಆಮೇಲೆ ನೀರು ಹೆಚ್ಚು ಹಾಕಿ ಮೆತ್ತಗೆ ನಾದುತ್ತಾರೆ. ಮೈದಾಕ್ಕೆ ನೀರು ತಾಗಿ ನಾದುತ್ತಾ ಹೋದಂತೆ ಅದರೊಳಗಿನ ಪ್ರೋಟೀನು ಗ್ಲುಟೆನ್ ಆಗಿ ಬಲೆ ಹೆಣೆಯುತ್ತದೆ. ಚಪಾತಿಗೆ ಆ ಬಲೆ ಬೇಕು, ಸಮೋಸಕ್ಕೆ ಬೇಡ. ನೀರಿಗಿಂತ ಮೊದಲೇ ತುಪ್ಪವನ್ನು ಹಿಟ್ಟಿಗೆ ಉಜ್ಜಿದರೆ ಹಿಟ್ಟಿನ ಕಣಕಣಕ್ಕೂ ಜಿಡ್ಡು ಸವರಿಕೊಂಡು ಬಲೆ ಹೆಣೆಯಲು ಬಿಡುವುದಿಲ್ಲ. ಕರಿದಾಗ ಹೊದಿಕೆ ಜಗಿಯುವಂತಾಗದೆ ಪುಡಿಯಾಗಿ ಮುರಿಯುತ್ತದೆ. ಹಿಂದಿ ಸೀಮೆಯವರು ಇದನ್ನು ‘ಖಸ್ತಾ’ ಎಂದು ಹೊಗಳುತ್ತಾರೆ. ಉಜ್ಜಿದ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಿ ನಿಲ್ಲಬೇಕು. ಆಮೇಲೆ ನೀರನ್ನು ಚಮಚ ಚಮಚವಾಗಿ ಹಾಕಿ, ಗಟ್ಟಿಯಾಗಿ, ಒಂದಿಷ್ಟು ಒರಟಾಗಿಯೇ ಕೂಡಿಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು.

ನನಗೆ ಅಚ್ಚರಿಯಾಗುವುದು ಇದು ನಮ್ಮ ಅಡುಗೆಮನೆಗೆ ಗೊತ್ತಿಲ್ಲದ ವಿದ್ಯೆಯೇನಲ್ಲ ಎಂಬುದಕ್ಕೆ. ನಿಪ್ಪಟ್ಟಿನ ಹಿಟ್ಟಿಗೆ ಕಾದ ಎಣ್ಣೆ ಸುರಿದು ಕೈಯಲ್ಲಿ ಉಜ್ಜುವವರು, ಕೋಡುಬಳೆಯ ಹಿಟ್ಟು ಮುಷ್ಟಿಯಲ್ಲಿ ನಿಲ್ಲುವ ತನಕ ಹದ ನೋಡುವವರು, ಕರ್ಜಿಕಾಯಿ ಬಿಚ್ಚಿಕೊಂಡರೆ ಸಕ್ಕರೆ-ಕೊಬ್ಬರಿ ಸೇರಿ ಬಾಣಲೆಯ ಎಣ್ಣೆಯೆಲ್ಲ ಹಾಳು ಎಂದು ಅಂಚನ್ನು ಎರಡೆರಡು ಸಲ ಒತ್ತುವವರು ಇದೇ ಮನೆಗಳಲ್ಲಿದ್ದಾರೆ. ಗೌರಿ ಹಬ್ಬದಲ್ಲಿ ಇಷ್ಟು ಜಾಗ್ರತೆಯಿರುವ ಕೈ, ಸಮೋಸ ಎಂದ ಕೂಡಲೇ ಅದನ್ನು ‘ಹೊರಗಿನ ತಿಂಡಿ’ ಎಂದುಕೊಂಡು ಹದ ಮರೆಯುತ್ತದೆ. ಮೊಬೈಲಿನ ವಿಡಿಯೋಗಳ ಪಾಲೂ ಇದರಲ್ಲಿದೆ. ಅವು ಕಣಕಕ್ಕೆ ಅರ್ಧ ನಿಮಿಷ ಕೊಟ್ಟು, ಪನೀರು, ಚೀಸು, ಸ್ವೀಟ್ ಕಾರ್ನು ತುಂಬುವುದಕ್ಕೆ ಐದು ನಿಮಿಷ ಕೊಡುತ್ತವೆ. ಇನ್ನು ಆರೋಗ್ಯದ ಹೆಸರಿನಲ್ಲಿ ಮೈದಾ ಬಿಟ್ಟು ಪೂರ್ತಿ ಗೋಧಿ ಹಿಟ್ಟು ಬಳಸುವುದು. ಅದನ್ನು ತಿನ್ನಬಹುದು, ಅಡ್ಡಿಯಿಲ್ಲ. ಪಲ್ಯ ತುಂಬಿದ ಗಟ್ಟಿ ಪೂರಿ ಎಂದು ಕರೆದುಕೊಂಡರೆ ನನ್ನ ತಕರಾರೂ ಇಲ್ಲ.

ಲಟ್ಟಿಸುವಾಗ ಒಣ ಹಿಟ್ಟು ಉದುರಿಸುವ ಅಭ್ಯಾಸವೊಂದು ಚಪಾತಿಯಿಂದ ಬಂದದ್ದು. ಆ ಹಿಟ್ಟು ಎಣ್ಣೆಯ ತಳದಲ್ಲಿ ಕೂತು ಸೀಯುತ್ತದೆ. ಕಣಕದಲ್ಲಿ ಜಿಡ್ಡು ಸಾಕಷ್ಟಿದ್ದರೆ ಅದು ಮಣೆಗೆ ಅಂಟುವುದೇ ಇಲ್ಲ. ಉದ್ದುಂಡಗೆ ಲಟ್ಟಿಸಿ, ನಡುವೆ ಕತ್ತರಿಸಿ, ಅರ್ಧವನ್ನು ಶಂಕುವಿನಂತೆ ಸುತ್ತಿ, ತುಂಬಿ, ಬಾಯಿಯ ಹಿಂಭಾಗದಲ್ಲಿ ಒಂದು ನೆರಿಗೆ ಹಿಡಿದು ಮುಚ್ಚಬೇಕು. ಆ ನೆರಿಗೆ ಅಲಂಕಾರಕ್ಕೆಂದು ಇರುವುದಲ್ಲ. ಸಮೋಸ ತಟ್ಟೆಯ ಮೇಲೆ ಕೂರುವುದು ಅದರ ಬಲದಿಂದ. ಮನೆಯ ಸಮೋಸಗಳು ಅಂಗಾತ ಮಲಗುವುದು ನೆರಿಗೆ ಬಿಟ್ಟಿದ್ದಕ್ಕೆ, ಇಲ್ಲವೆ ಆಸೆಗೆ ಬಿದ್ದು ಪಲ್ಯ ಜಾಸ್ತಿ ತುರುಕಿದ್ದಕ್ಕೆ.

ಹೂರಣದ ವಿಷಯದಲ್ಲಿ ಮನೆಗೇ ಹೆಚ್ಚು ಅಂಕ. ಅಂಗಡಿಯ ಪಲ್ಯ ಬಹಳ ಕಡೆ ಅರಿಶಿನ ಬಳಿದ ಮುದ್ದೆ. ಬಾಯಿಗಿಟ್ಟರೆ ಉಪ್ಪು, ಖಾರದ ಪುಡಿ ಬಿಟ್ಟರೆ ಇನ್ನೇನೂ ಸಿಗುವುದಿಲ್ಲ. ಮನೆಯಲ್ಲಿ ಧನಿಯಾ, ಸೋಂಪನ್ನು ತರಿತರಿಯಾಗಿ ಕುಟ್ಟಿ ಹಾಕಬಹುದು, ಶುಂಠಿಯನ್ನು ಕಣ್ಣಿಗೆ ಕಾಣುವಂತೆ ಕೊಚ್ಚಬಹುದು, ಹುಳಿಗೆ ಆಮ್ಚೂರ್ ಬಳಸಬಹುದು. ನಮ್ಮವರು ನಿಂಬೆರಸ ಹಿಂಡುವುದುಂಟು. ರುಚಿಗೆ ತಪ್ಪಿಲ್ಲ, ಆದರೆ ಸಮೋಸಕ್ಕೆ ಒಣ ಹುಳಿಯೇ ಸರಿ, ಏಕೆಂದರೆ ಒಳಗಿನ ತೇವವೇ ಇಲ್ಲಿ ಶತ್ರು. ಕುಕ್ಕರಿನಲ್ಲಿ ಹೋಳು ಮಾಡಿ ಬೇಯಿಸಿದ ಆಲೂಗಡ್ಡೆ ನೀರು ಕುಡಿದಿರುತ್ತದೆ. ಕರಿಯುವಾಗ ಆ ನೀರು ಹಬೆಯಾಗಿ ಹೊರಬೀಳಲು ದಾರಿ ಹುಡುಕುತ್ತದೆ. ಅಂಚು ಬಿಚ್ಚಿಕೊಳ್ಳುವುದೂ ಹೊದಿಕೆ ಒಳಗಿನಿಂದ ಮೆತ್ತಗಾಗುವುದೂ ಆಗಲೇ. ಸಿಪ್ಪೆಯ ಸಮೇತ ಇಡಿಯಾಗಿ ಬೇಯಿಸಿ, ಆರಿಸಿ, ಕೈಯಲ್ಲಿ ಮುರಿಯಬೇಕು. ಮ್ಯಾಷರ್ ಹಿಡಿದು ನುಣ್ಣಗೆ ಮಾಡಿದರೆ ಮಗುವಿಗೆ ತಿನ್ನಿಸುವ ಅನ್ನದಂತಾಗುತ್ತದೆ. ಬಿಸಿ ಪಲ್ಯ ತುಂಬುವುದಂತೂ ಮಾಡಿದ್ದನ್ನೆಲ್ಲ ಕೆಡಿಸುವ ಸುಲಭದ ದಾರಿ.

ಗಡ್ಡೆಯ ಆಯ್ಕೆಯ ಕಡೆ ನಮ್ಮ ಗಮನ ಹೋಗುವುದೇ ಇಲ್ಲ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ತಂಪಿಗೆ ಅದರ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಪಲ್ಯಕ್ಕೆ ಹಾಕದ ಬೆಲ್ಲದ ಸಿಹಿ ಬರುತ್ತದೆ. ಎಳೆಯ, ಸಿಪ್ಪೆ ಸುಲಿಯುವ ಹೊಸ ಗಡ್ಡೆಯಲ್ಲಿ ನೀರು ಹೆಚ್ಚು, ಬೆಂದರೆ ಅಂಟಂಟು. ಹಾಸನ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇಷ್ಟು ಆಲೂಗಡ್ಡೆ ಬೆಳೆಯುವ ರಾಜ್ಯದಲ್ಲಿ, ಅಂಗಡಿಗೆ ಹೋಗಿ ತಳಿಯ ಹೆಸರು ಹೇಳಿ ಕೊಳ್ಳುವ ರೂಢಿ ಬೆಳೆಯಲೇ ಇಲ್ಲ. ಅಕ್ಕಿಯಲ್ಲಿ ಸೋನಾ ಮಸೂರಿ ಬೇಕು, ಮಾವಿನಲ್ಲಿ ಬಾದಾಮಿಯೇ ಬೇಕು ಎಂದು ಹಟ ಹಿಡಿಯುವವರು ಆಲೂಗಡ್ಡೆಯಲ್ಲಿ ‘ಕೊಳೆತಿಲ್ಲದ್ದು ಕೊಡಪ್ಪ’ ಎನ್ನುವಲ್ಲಿಗೆ ನಿಲ್ಲುತ್ತಾರೆ.

ಇನ್ನು ಕರಿಯುವುದು. ಎಲ್ಲ ಸರಿಯಾಗಿ ಮಾಡಿದವರೂ ಇಲ್ಲಿ ಎಡವುತ್ತಾರೆ. ಪೂರಿ, ಬಜ್ಜಿಗೆ ಎಣ್ಣೆ ಚೆನ್ನಾಗಿ ಕಾದಿರಬೇಕು ಎಂಬ ಪಾಠ ಕೈಗೆ ಅಂಟಿಕೊಂಡಿದೆ. ಕಾದ ಎಣ್ಣೆಗೆ ಸಮೋಸ ಬಿಟ್ಟರೆ ಮೂರು ನಿಮಿಷದಲ್ಲಿ ಹೊಂಬಣ್ಣ ಬರುತ್ತದೆ, ಮನೆಯೆಲ್ಲ ಘಮ್ಮೆನ್ನುತ್ತದೆ, ತಿನ್ನುವವರು ಚಪ್ಪಾಳೆ ತಟ್ಟುತ್ತಾರೆ. ಮುರಿದರೆ ಹೊದಿಕೆಯ ಒಳಪದರ ಹಸಿ, ಮೈಮೇಲೆಲ್ಲ ಗುಳ್ಳೆ. ಕಣಕದ ಮೇಲ್ಮೈಯ ನೀರು ಒಮ್ಮೆಗೇ ಹಬೆಯಾದದ್ದರ ಗುರುತು ಆ ಗುಳ್ಳೆಗಳು. ಸಮೋಸಕ್ಕೆ ಎಣ್ಣೆ ಬೆಚ್ಚಗಿದ್ದರೆ ಸಾಕು. ಚೂರು ಕಣಕ ಹಾಕಿದರೆ ಅದು ತಳದಲ್ಲಿ ಸ್ವಲ್ಪ ಹೊತ್ತು ಕೂತು, ನಾಲ್ಕಾರು ಗುಳುಗುಳು ಬಿಟ್ಟು, ನಿಧಾನಕ್ಕೆ ಮೇಲೇಳಬೇಕು. ಅಲ್ಲಿಂದ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಕೆಲವೊಮ್ಮೆ ಇಪ್ಪತ್ತು. ಹೊದಿಕೆಯ ತೇವ ಮೆಲ್ಲಗೆ ಹೊರಟು, ದಪ್ಪ ಮೂಲೆಯೂ ಒಳಗಿನ ತನಕ ಒಣಗಿ ಗರಿಯಾಗಲು ಅಷ್ಟು ಹೊತ್ತು ಬೇಕೇ ಬೇಕು.

ಇಲ್ಲಿಂದ ಪ್ರಶ್ನೆ ರುಚಿಯನ್ನು ದಾಟುತ್ತದೆ. ಅಂಗಡಿಯ ಅಗಲ ಬಾಣಲೆಯಲ್ಲಿ ಒಂದೇ ಸಲಕ್ಕೆ ಹತ್ತಾರು ಸಮೋಸ ಬೇಯುತ್ತವೆ. ಮನೆಯ ಬಾಣಲೆ ಹಿಡಿಸುವುದು ನಾಲ್ಕೈದನ್ನು. ಆರು ಜನರಿಗೆ ತಲಾ ಎರಡು ಎಂದರೂ ಒಲೆಯ ಮುಂದೆ ಸುಮಾರು ಒಂದು ಗಂಟೆ. ಬೇಯಿಸಿ, ಕಲಸಿ, ಲಟ್ಟಿಸಿ, ತುಂಬಿದ ಹೊತ್ತು ಬೇರೆ. ಆ ಒಂದು ಗಂಟೆ ನಿಲ್ಲುವವರು ಯಾರು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ನಡುಮನೆಯಿಂದ “ಇನ್ನೊಂದು ಬರಲಿ” ಎಂದು ಕೂಗು ಬರುತ್ತಿರುತ್ತದೆ; ಕರಿದವರ ತಟ್ಟೆಗೆ ಕೊನೆಯ ಸುತ್ತಿನ ಒಡೆದ ಸಮೋಸ, ಆರಿದ ಚಹಾ. ಬೇಗ ಮುಗಿಯಲಿ ಎಂದು ಅವರು ಉರಿ ಜೋರು ಮಾಡಿದರೆ ಅದನ್ನು ಅಡುಗೆಯ ತಪ್ಪು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ಮನೆಯಲ್ಲೇ ಮಾಡಿದರೆ ಎಷ್ಟು ಚೆನ್ನ, ಎಷ್ಟು ಅಗ್ಗ’ ಎಂದು ಲೆಕ್ಕ ಹಾಕುವವರು ಆ ಒಂದು ಗಂಟೆಗೆ ಸೊನ್ನೆ ಬೆಲೆ ಕಟ್ಟಿರುತ್ತಾರೆ. ಇದಕ್ಕೆ ದಾರಿ ಅಂಗಡಿಯವರಿಂದಲೇ ಕಲಿಯಬಹುದು: ಬೆಳಿಗ್ಗೆಯೋ ಮಧ್ಯಾಹ್ನವೋ ಸಣ್ಣ ಉರಿಯಲ್ಲಿ ಬಣ್ಣ ಬರುವ ಮುನ್ನವೇ ತೆಗೆದು ಆರಿಸಿಟ್ಟು, ಸಂಜೆ ಎಲ್ಲರೂ ಕೂತ ಮೇಲೆ ಸ್ವಲ್ಪ ಜಾಸ್ತಿ ಕಾದ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಕರಿದರೆ ಕರಿದವರಿಗೂ ಬಿಸಿ ಸಮೋಸ ಸಿಗುತ್ತದೆ. ತೆಗೆದದ್ದನ್ನು ಕಾಗದದ ಮೇಲೆ ರಾಶಿ ಹಾಕದೆ ಜಾಲರಿಯ ಮೇಲೆ ಬಿಡಿಬಿಡಿಯಾಗಿ ನಿಲ್ಲಿಸಬೇಕು. ಕರಿದ ತಿಂಡಿ ಎಣ್ಣೆ ಎಳೆದುಕೊಳ್ಳುವುದು ಹೆಚ್ಚಾಗಿ ಬಾಣಲೆಯಿಂದ ಹೊರಬಂದು ತಣಿಯುವಾಗಲೇ.

ಮನೆಯ ಪರವಾದ ಗಟ್ಟಿ ವಾದ ಎಣ್ಣೆಯದು. ಕರಿದೂ ಕರಿದೂ ಕೆಟ್ಟ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ರಸ್ತೆ ಬದಿಯ ಬಾಣಲೆಯ ಕಪ್ಪು ನೋಡಿದವರಿಗೆ ಅದರ ಪಾಲನೆ ಎಷ್ಟೆಂದು ಹೇಳಬೇಕಿಲ್ಲ. ಆದರೆ ಮನೆಯಲ್ಲೂ ಸಮೋಸ ಕರಿದ ಎಣ್ಣೆಯನ್ನು ಡಬ್ಬಿಗೆ ಸೋಸಿಟ್ಟು, ವಾರವಿಡೀ ಹಪ್ಪಳಕ್ಕೆ, ಒಗ್ಗರಣೆಗೆ, ಮತ್ತೆ ಪೂರಿಗೆ ಬಳಸುವವರು ಈ ವಾದ ಹೂಡುವ ಹಾಗಿಲ್ಲ.

ಕರಿಯುವುದೇ ಬೇಡ ಎಂಬ ಏರ್ ಫ್ರೈಯರ್ ಪಂಥದವರನ್ನು ಗೇಲಿ ಮಾಡುವುದು ಸುಲಭ, ನ್ಯಾಯವಲ್ಲ. ಉಜ್ಬೇಕಿಸ್ತಾನದಲ್ಲಿ ಇದರ ಸೋದರ ‘ಸೊಮ್ಸಾ’ವನ್ನು ತಂದೂರಿನ ಗೋಡೆಗೆ ಅಂಟಿಸಿಯೇ ಬೇಯಿಸುತ್ತಾರೆ, ಬೇಯಿಸಿದ ಸಮೋಸಕ್ಕೂ ವಂಶಾವಳಿ ಇದೆ. ವ್ಯತ್ಯಾಸವೇನೆಂದರೆ ಅಲ್ಲಿ ಕಣಕದ ಪದರಗಳ ನಡುವೆ ಕೊಬ್ಬು ಧಾರಾಳವಾಗಿರುತ್ತದೆ. ನಮ್ಮಲ್ಲಿ ಬಾಣಲೆಯ ಎಣ್ಣೆಯನ್ನೂ ತೆಗೆದು, ಕಣಕದ ತುಪ್ಪವನ್ನೂ ತೆಗೆದು, ಗೋಧಿ ಹಿಟ್ಟನ್ನೂ ತಂದು, ಕೊನೆಗೆ ಹೊರಬರುವ ರಟ್ಟಿನ ತ್ರಿಕೋನವನ್ನು ಕೆಚಪ್ಪಿನಲ್ಲಿ ಅದ್ದಿ ನುಂಗುತ್ತಾರೆ. ತುಪ್ಪವನ್ನು ಉಳಿಸಿಕೊಂಡು, ಮೇಲೆ ಸವರಿ ಬೇಯಿಸಿದ್ದು ಖಾರಿ ಬಿಸ್ಕತ್ತಿನ ಗುಣದ ಒಳ್ಳೆಯ ತಿಂಡಿ. ಅದಕ್ಕೆ ನಾನು ಎರಡನೆಯ ದರ್ಜೆ ಕೊಡುತ್ತೇನೆ.

ನಮ್ಮ ಸಿನಿಮಾ ಮಂದಿರಗಳ ಇಂಟರ್ವಲ್ಲಿನ ಪುಟ್ಟ, ಚಪ್ಪಟೆ ಈರುಳ್ಳಿ ಸಮೋಸದ ಲೆಕ್ಕವೇ ಬೇರೆ. ಅದರ ಹೊದಿಕೆ ಅರೆಬೆಂದ ತೆಳು ಹಾಳೆ, ಅಂಟಿಗೆ ಮೈದಾ ಪೇಸ್ಟು. ಜೋರು ಉರಿಯಲ್ಲಿ ಚಕಚಕನೆ ಬೇಯುತ್ತದೆ. ಹಾಳೆಗಳನ್ನು ಕೊಂಡು ತಂದರೆ ಮನೆಗೆ ಇದೇ ಹೆಚ್ಚು ಒಗ್ಗುವ ಸಮೋಸ. ಅತಿಥಿಗಳ ಮುಂದೆ ಇದಕ್ಕೆ ಆಲೂ ಸಮೋಸದಷ್ಟು ಮರ್ಯಾದೆ ಸಿಗುವುದಿಲ್ಲ ಎಂಬುದು ಅತಿಥಿಗಳ ದೋಷ.

ಆಲೂ ಸಮೋಸವನ್ನೇ ಮಾಡುವುದಾದರೆ ಅಂಗಡಿಯ ಗಾತ್ರವನ್ನು ಅನುಕರಿಸುವುದು ಬಿಡಬೇಕು. ಅಂಗೈಯಗಲದ ಸಮೋಸ ಒಂದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಗಿರಾಕಿಗಾಗಿ ಹುಟ್ಟಿದ್ದು. ಮನೆಗೆ ಅದರ ಅರ್ಧದಷ್ಟು ಸಾಕು: ಹೊದಿಕೆ ಬೇಗ ಬೇಯುತ್ತದೆ, ಮೂಲೆ ದಪ್ಪವಾಗುವುದಿಲ್ಲ, ಸಣ್ಣ ಬಾಣಲೆಯಲ್ಲಿ ಎಂಟು ಹಿಡಿಯುತ್ತವೆ. ಲಟ್ಟಿಸಲು ಒಬ್ಬರು, ತುಂಬಲು ಒಬ್ಬರು, ಕರಿಯಲು ಒಬ್ಬರು ಇರುವ ಭಾನುವಾರ ನೋಡಿ ಮಾಡಬೇಕು. ಮೂರು ಜನ ಏಳುವುದಿಲ್ಲ ಎಂದಾದರೆ ಬೀದಿ ತುದಿಯ ಅಂಗಡಿಯಿಂದ ಕಟ್ಟಿಸಿಕೊಂಡು ಬಂದು, ಹುಣಸೆ-ಖರ್ಜೂರದ ಚಟ್ನಿಯನ್ನಷ್ಟೇ ಮನೆಯಲ್ಲಿ ಮಾಡಿ. ಅಂಗಡಿಯವರ ಚಟ್ನಿಯಂತೂ ಬರೀ ಬಣ್ಣದ ನೀರು.