ಮಾದರಿ ಗಣಕದಲ್ಲಿ, ಕರಾರು ಕಾಗದದಲ್ಲಿ

ಒಂದು ಕಟ್ಟಡ ಮೇಲೇಳಲು ಎರಡು ಬಗೆಯ ದಾಖಲೆಗಳು ಬೇಕು. ಏನನ್ನು ಕಟ್ಟಬೇಕು ಎಂಬುದನ್ನು ತಿಳಿಸುವ ನಕ್ಷೆ ಒಂದು. ಯಾರು, ಎಷ್ಟು ಹಣಕ್ಕೆ, ಎಷ್ಟು ದಿನಗಳಲ್ಲಿ, ಯಾರ ಹೊಣೆಯ ಮೇಲೆ ಕಟ್ಟಬೇಕು ಎಂಬುದನ್ನು ತಿಳಿಸುವ ಕರಾರು ಇನ್ನೊಂದು. ಕಳೆದ ಕಾಲು ಶತಮಾನದಲ್ಲಿ ಮೊದಲನೆಯದರ ಸ್ವರೂಪವೇ ಬದಲಾಗಿದೆ. ದೊಡ್ಡ ಯೋಜನೆಗಳಲ್ಲಿ ನಕ್ಷೆಯ ಜಾಗಕ್ಕೆ ಗಣಕದೊಳಗಿನ ಮೂರು ಆಯಾಮದ 'ಕಟ್ಟಡ ಮಾಹಿತಿ ಮಾದರಿ' ಬಂದಿದೆ. ಇದನ್ನೇ ತಂತ್ರಜ್ಞರು ಬಿಐಎಂ ಎಂದು ಕರೆಯುತ್ತಾರೆ. ಎರಡನೆಯದಾದ ಕರಾರು ಇದರೊಡನೆ ಹೆಜ್ಜೆ ಹಾಕಿದೆಯೇ? ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಪ್ರಕಟವಾದ ಮೂರು ಸಿದ್ಧ ನಮೂನೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಸಹಿ ಎಲ್ಲಿದೆ?

ಕಾಗದದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಸಮಾನಾಂತರ ಗೆರೆಗಳು. ಮಾದರಿಯಲ್ಲಿ ಗೋಡೆ ಒಂದು 'ವಸ್ತು'. ಅದರ ದಪ್ಪ, ಎತ್ತರ, ಯಾವ ಇಟ್ಟಿಗೆ, ಬೆಂಕಿಯನ್ನು ಎಷ್ಟು ಹೊತ್ತು ತಡೆಯಬಲ್ಲದು ಮುಂತಾದ ಮಾಹಿತಿಯೆಲ್ಲ ಅದರ ಜೊತೆಗೇ ಇರುತ್ತದೆ. ಕಿಟಕಿಯ ಅಗಲವನ್ನು ಒಂದೆಡೆ ಬದಲಿಸಿದರೆ ತಳವಿನ್ಯಾಸ, ಮುಖನೋಟ, ಅಡ್ಡಕೊಯ್ತ, ಸಾಮಗ್ರಿಗಳ ಪರಿಮಾಣ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಗಣಕವೇ ನಕ್ಷೆಯ ಸ್ಥಾನ ತುಂಬಬಲ್ಲದು ಎಂಬ ವಿಚಾರವನ್ನು ಚಾರ್ಲ್ಸ್ ಈಸ್ಟ್‌ಮನ್ 1975ರಷ್ಟು ಹಿಂದೆಯೇ ಮಂಡಿಸಿದ್ದರು.

ತೊಡಕು ಇರುವುದು ಜ್ಯಾಮಿತಿಯಲ್ಲಲ್ಲ, ಹೊಣೆಯಲ್ಲಿ. ಕಾಗದದ ಕಾಲದಲ್ಲಿ ಪ್ರತಿ ಹಾಳೆಯ ಮೂಲೆಯಲ್ಲಿ ಒಬ್ಬರ ಹೆಸರು, ಸಹಿ, ದಿನಾಂಕ ಇರುತ್ತಿದ್ದವು. ತೊಲೆಯಲ್ಲಿ ತಪ್ಪಿದ್ದರೆ ಯಾರನ್ನು ಕೇಳಬೇಕೆಂಬುದು ಸ್ಪಷ್ಟವಿತ್ತು. ಈಗ ಒಂದೇ ಮಾದರಿಯೊಳಗೆ ವಾಸ್ತುಶಿಲ್ಪಿ, ರಚನಾ ಎಂಜಿನಿಯರ್, ವಿದ್ಯುತ್ ಮತ್ತು ಕೊಳಾಯಿ ಗುತ್ತಿಗೆದಾರರು ತಮ್ಮ ತಮ್ಮ ಪಾಲನ್ನು ಸೇರಿಸುತ್ತಾರೆ. ಒಬ್ಬರು ಒಂದು ಕಂಬವನ್ನು ಸರಿಸಿದರೆ ಇನ್ನೊಬ್ಬರ ಕೊಳವೆಯ ದಾರಿ ತಪ್ಪುತ್ತದೆ. ಆಗ ತಪ್ಪು ಯಾರದು?

ಎರಡು ಅಮೆರಿಕನ್ ನಮೂನೆಗಳು

ಈ ಪ್ರಶ್ನೆಗೆ ಉತ್ತರಿಸಲು 2008ರಲ್ಲಿ ಅಮೆರಿಕದಲ್ಲಿ ಎರಡು ನಮೂನೆಗಳು ಹೊರಬಂದವು. ಮೊದಲನೆಯದು ಅಲ್ಲಿನ ವಾಸ್ತುಶಿಲ್ಪಿಗಳ ಸಂಸ್ಥೆಯಾದ ಎಐಎ ಪ್ರಕಟಿಸಿದ ಇ202; ಎರಡನೆಯದು ಕನ್ಸೆನ್ಸಸ್‌ಡಾಕ್ಸ್ 301. ಎರಡೂ ಸ್ವತಂತ್ರ ಕರಾರುಗಳಲ್ಲ. ಹಳೆಯ ಕರಾರಿನ ಬೆನ್ನಿಗೆ ಅಂಟಿಸುವ ಅನುಬಂಧಗಳು.

ಇ202ರ ದೊಡ್ಡ ಕೊಡುಗೆ ಒಂದು ಕೋಷ್ಟಕ. ಅಡಿಪಾಯ, ಕಂಬ, ಗೋಡೆ, ಕೊಳವೆ ಹೀಗೆ ಪ್ರತಿ ಅಂಗಕ್ಕೂ ಯಾವ ಹಂತದಲ್ಲಿ ಕರ್ತೃ ಯಾರು, ಅದು ಎಷ್ಟರ ಮಟ್ಟಿಗೆ ಬೆಳೆದಿರಬೇಕು ಎಂಬುದನ್ನು ಅದರಲ್ಲಿ ಬರೆಯಬೇಕು. ಈ ಬೆಳವಣಿಗೆಯ ಮಟ್ಟಗಳು ಐದು. 100 ಎಂದರೆ ಕೇವಲ ಸ್ಥೂಲ ಕಲ್ಪನೆ. 200ರಲ್ಲಿ ಅಂದಾಜು ಗಾತ್ರ ಮತ್ತು ಸ್ಥಾನ. 300ರಲ್ಲಿ ನಿಖರ ಅಳತೆ. 400ರಲ್ಲಿ ಕಾರ್ಖಾನೆಯಲ್ಲಿ ತಯಾರಿಸಲು ಬೇಕಾದ ವಿವರ. 500 ಎಂದರೆ ಕಟ್ಟಿ ಮುಗಿದ ಮೇಲೆ ಪರಿಶೀಲಿಸಿದ ಸ್ಥಿತಿ. ನಿಗದಿಯಾದ ಮಟ್ಟಕ್ಕಿಂತ ಹೆಚ್ಚಿನ ವಿವರ ಪರದೆಯ ಮೇಲೆ ಕಂಡರೂ ಅದನ್ನು ನೆಚ್ಚಿಕೊಂಡವರೇ ಅದಕ್ಕೆ ಹೊಣೆ.

ಇದು ಮೆಚ್ಚಬೇಕಾದ ಚಿಂತನೆ. ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ದೋಷದ ಮಿತಿಯನ್ನೂ ಬರೆಯಿರಿ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಮಿಲಿಮೀಟರ್ ಪಟ್ಟಿಯಿಂದ ಅಳೆದದ್ದನ್ನು ಮೈಕ್ರೊಮೀಟರ್‌ವರೆಗೆ ಬರೆದರೆ ಅದು ಸುಳ್ಳು ನಿಖರತೆ. ಗಣಕದ ಮಾದರಿಗೂ ಇದೇ ರೋಗ. ಅಂದಾಜಿಗೆಂದು ಇಟ್ಟ ಕಂಬವೂ ಪರದೆಯಲ್ಲಿ ದಶಾಂಶಗಳೊಡನೆ ಖಚಿತವಾಗಿಯೇ ಕಾಣುತ್ತದೆ. ಆ ಭ್ರಮೆಗೆ ಇ202 ಕಡಿವಾಣ ಹಾಕಿತು. 2013ರಲ್ಲಿ ಅದರ ಸ್ಥಾನಕ್ಕೆ ಹೊಸ ನಮೂನೆಗಳು ಬಂದವಾದರೂ ಮಟ್ಟಗಳ ಕಲ್ಪನೆ ಉಳಿದುಕೊಂಡಿದೆ.

301ರ ವಿಷಯ ಬೇರೆ. ಮಾದರಿಯ ಅಳತೆ ಮತ್ತು ನಕ್ಷೆಯ ಅಳತೆ ಹೊಂದದಿದ್ದರೆ ಯಾವುದು ಮೇಲು ಎಂಬ ಪ್ರಶ್ನೆಗೆ ಅದು ಮೂರು ಆಯ್ಕೆಗಳನ್ನು ಕೊಡುತ್ತದೆ: ಮಾದರಿಯೇ ಮೇಲು, ಒಪ್ಪಿದಷ್ಟು ಮಟ್ಟಿಗೆ ಮಾದರಿ, ಉಳಿದದ್ದಕ್ಕೆ ನಕ್ಷೆ, ಇಲ್ಲವೇ ಮಾದರಿ ಕೇವಲ ನೋಡಲಿಕ್ಕೆ, ಅಳತೆಗೆಲ್ಲ ನಕ್ಷೆ. ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು ಒಳ್ಳೆಯದೇ. ಆದರೆ ಮೂರನೆಯ ಆಯ್ಕೆಗೆ ಗುರುತು ಹಾಕಿದವರು ಮಾದರಿಗಾಗಿ ಶ್ರಮವನ್ನೂ ಹಣವನ್ನೂ ಸುರಿದು ಅದನ್ನು ಗೋಡೆಗೆ ತೂಗುಹಾಕುವ ಚಿತ್ರವನ್ನಾಗಿ ಮಾಡಿಕೊಳ್ಳುತ್ತಾರೆ.

ಸರಿಯಾದ ಮಾದರಿ, ತಪ್ಪಿದ ಕೆಲಸ

ಕೋಷ್ಟಕ ಇದ್ದರೂ ಸಾಲದು ಎಂಬುದಕ್ಕೆ ಅಮೆರಿಕದ ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಕಟ್ಟಡ ಸಾಕ್ಷಿ. ಅದರ ವ್ಯಾಜ್ಯದ ಸಂಗತಿಯನ್ನು ವಿಮಾ ಕಂಪನಿಯೊಂದು 2011ರಲ್ಲಿ ಹೊರಗೆಡಹಿತು. ಫಾಲ್ಸ್ ಸೀಲಿಂಗ್‌ನ ಮೇಲಿನ ಇಕ್ಕಟ್ಟಾದ ಜಾಗದಲ್ಲಿ ಗಾಳಿಯ ಕೊಳವೆ, ನೀರಿನ ಕೊಳವೆ, ವಿದ್ಯುತ್ ತಂತಿಗಳೆಲ್ಲ ಹಿಡಿಸುವಂತೆ ಮಾದರಿಯಲ್ಲಿ ಹೊಂದಿಸಲಾಗಿತ್ತು. ಮಾದರಿಯಲ್ಲಿ ತಪ್ಪಿರಲಿಲ್ಲ. ಆದರೆ ಒಂದು ನಿರ್ದಿಷ್ಟ ಕ್ರಮದಲ್ಲಿ ಜೋಡಿಸಿದರೆ ಮಾತ್ರ ಅವೆಲ್ಲ ಹಿಡಿಸುತ್ತವೆ ಎಂಬ ಸಂಗತಿಯನ್ನು ಗುತ್ತಿಗೆದಾರನಿಗೆ ಯಾರೂ ತಿಳಿಸಲಿಲ್ಲ. ಸುಮಾರು ಶೇಕಡ 70ರಷ್ಟು ಜೋಡಣೆ ಮುಗಿದಾಗ ಜಾಗವೇ ಉಳಿದಿರಲಿಲ್ಲ. ಗುತ್ತಿಗೆದಾರ ಮಾಲೀಕನ ಮೇಲೆ, ಮಾಲೀಕ ವಾಸ್ತುಶಿಲ್ಪಿಯ ಮೇಲೆ ದಾವೆ ಹೂಡಿ, ಕೊನೆಗೆ ರಾಜಿಯಾಯಿತು.

ಇದರ ಪಾಠ ಸ್ಪಷ್ಟ. ಮಟ್ಟಗಳ ಕೋಷ್ಟಕ 'ಎಷ್ಟು ನಿಖರ' ಎನ್ನುತ್ತದೆ. 'ಯಾವ ಕ್ರಮದಲ್ಲಿ' ಎನ್ನುವುದಿಲ್ಲ. ಮಾದರಿ ಕಟ್ಟಡದ ಕೊನೆಯ ಸ್ಥಿತಿಯ ಚಿತ್ರ. ಕಟ್ಟುವುದು ಕಾಲದಲ್ಲಿ ನಡೆಯುವ ಕ್ರಿಯೆ. ಅದನ್ನು ತಿಳಿಸುವ ಕರ್ತವ್ಯ ಯಾರದೆಂದು ಕರಾರೇ ಹೇಳಬೇಕು.

ಬ್ರಿಟನ್ನಿನ ನಮೂನೆ

ಸರ್ಕಾರಿ ಯೋಜನೆಗಳಲ್ಲಿ 2016ರ ವೇಳೆಗೆ ಬಿಐಎಂ ಬಳಸಬೇಕೆಂದು ಬ್ರಿಟನ್ ಸರ್ಕಾರ 2011ರಲ್ಲಿ ಪ್ರಕಟಿಸಿತು. ಅದಕ್ಕೆ ಪೂರಕವಾಗಿ ಅಲ್ಲಿನ ನಿರ್ಮಾಣ ಉದ್ಯಮ ಮಂಡಳಿ 2013ರಲ್ಲಿ ತನ್ನ ಬಿಐಎಂ ಅನುಬಂಧವನ್ನು ಹೊರತಂದಿತು. ಪ್ರತಿಯೊಬ್ಬರ ಕರಾರಿಗೂ ಒಂದೇ ಅನುಬಂಧ ಸೇರಬೇಕು. ವಿರೋಧ ಬಂದರೆ ಅನುಬಂಧವೇ ಮೇಲು. ಇದು ದಿಟ್ಟ ನಿಲುವು.

ಆದರೆ ಅದೇ ನಮೂನೆಯ ಐದನೆಯ ಕಲಮು, ಕಳುಹಿಸಿದ ವಿದ್ಯುನ್ಮಾನ ದತ್ತಾಂಶ ಅಖಂಡವಾಗಿದೆ ಎಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ ಎನ್ನುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಮಾಹಿತಿ ಕೆಡುವುದುಂಟು, ಆದ್ದರಿಂದ ಈ ಎಚ್ಚರಿಕೆಗೆ ಕಾರಣವಿದೆ. ಆದರೂ ಸಾಗಾಣಿಕೆಯಲ್ಲಿ ಕೆಟ್ಟದ್ದು ಬೇರೆ, ವಿನ್ಯಾಸದಲ್ಲೇ ತಪ್ಪಿದ್ದು ಬೇರೆ. ಪಡೆದವನು ಎರಡನ್ನೂ ಪರದೆಯ ಮೇಲೆ ಒಂದೇ ರೂಪದಲ್ಲಿ ಕಾಣುತ್ತಾನೆ. ಕೆಟ್ಟದ್ದು ದಾರಿಯಲ್ಲೋ ಮೂಲದಲ್ಲೋ ಎಂದು ಸಾಬೀತುಪಡಿಸುವ ಭಾರವೂ ಅವನ ಹೆಗಲಿಗೇ ಬೀಳುವ ಸಂಭವವಿದೆ. ಹಂಚಿಕೊಳ್ಳಿ ಎನ್ನುವುದು, ಹಂಚಿಕೊಂಡದ್ದನ್ನು ನಂಬಬೇಡಿ ಎನ್ನುವುದು, ಎರಡೂ ಒಂದೇ ಉಸಿರಿನಲ್ಲಿ ಬಂದರೆ ಜನ ಮತ್ತೆ ಕಾಗದದ ನಕ್ಷೆಗೇ ಮರಳುತ್ತಾರೆ.

ಬೀಗದ ಕೈ ಯಾರ ಬಳಿ?

ಮೂರೂ ನಮೂನೆಗಳು ಮಾದರಿಯ ಹಕ್ಕುಸ್ವಾಮ್ಯದ ಬಗ್ಗೆ ಮಾತಾಡುತ್ತವೆ: ಒಡೆತನ ಕರ್ತೃವಿನದು, ಇತರರಿಗೆ ಬಳಕೆಯ ಪರವಾನಗಿ. ಆದರೆ ಪರವಾನಗಿ ಇದ್ದರೂ ಪ್ರವೇಶ ಇಲ್ಲದಿದ್ದರೆ? ಫಾಕ್‌ಲೆಂಡ್ ದ್ವೀಪಗಳಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಗಾಗಿ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದ ಟ್ರಾಂಟ್ ಸಂಸ್ಥೆಗೂ ಅದರ ವಿನ್ಯಾಸ ಸಲಹೆಗಾರರಾದ ಮಾಟ್ ಮ್ಯಾಕ್‌ಡೊನಾಲ್ಡ್ ಸಂಸ್ಥೆಗೂ ಶುಲ್ಕದ ವಿಷಯದಲ್ಲಿ ಜಗಳ ಬಂತು. ವಿನ್ಯಾಸದ ಕಡತಗಳೆಲ್ಲ ಇದ್ದ ಸಾಮಾನ್ಯ ದತ್ತಾಂಶ ಭಂಡಾರವನ್ನು ನಡೆಸುತ್ತಿದ್ದವರು ಸಲಹೆಗಾರರೇ. ಅವರು ಪ್ರವೇಶವನ್ನು ಮುಚ್ಚಿದರು. 2017ರ ಜುಲೈನಲ್ಲಿ ಲಂಡನ್ನಿನ ತಂತ್ರಜ್ಞಾನ ಮತ್ತು ನಿರ್ಮಾಣ ನ್ಯಾಯಾಲಯ, ಟ್ರಾಂಟ್ 4,75,000 ಪೌಂಡುಗಳನ್ನು ನ್ಯಾಯಾಲಯದಲ್ಲಿ ಇಡಬೇಕೆಂಬ ಷರತ್ತಿನೊಡನೆ, ಪ್ರವೇಶವನ್ನು ಮತ್ತೆ ತೆರೆಯಲು ಮಧ್ಯಂತರ ಆದೇಶ ನೀಡಿತು.

ಕಾಗದದ ಕಾಲದಲ್ಲಿ ಕೈಗೆ ಬಂದ ನಕ್ಷೆಯನ್ನು ಯಾರೂ ದೂರದಿಂದ ಕಸಿದುಕೊಳ್ಳಲು ಸಾಧ್ಯವಿರಲಿಲ್ಲ. ಈಗ ಒಂದು ಸಂಕೇತಪದ ಸಾಕು. ವ್ಯಾಜ್ಯ ನಡೆಯುವಾಗಲೂ ಕಡತಗಳು ಎಲ್ಲರಿಗೂ ತೆರೆದಿರಬೇಕು, ಇಲ್ಲವೇ ಪ್ರತಿ ಹಂತದಲ್ಲೂ ಮಾಲೀಕನಿಗೆ ಒಂದು ಪ್ರತಿ ಸಿಗಬೇಕು ಎಂಬ ಕಲಮು ಅನಿವಾರ್ಯ.

ನಮ್ಮಲ್ಲಿ

ನಮ್ಮಲ್ಲಿ ಕಾನೂನು ದೊಡ್ಡ ಅಡ್ಡಿಯಲ್ಲ. 1872ರ ಕರಾರು ಕಾಯಿದೆ ಉಭಯರು ಒಪ್ಪಿದ ನ್ಯಾಯಸಮ್ಮತ ಷರತ್ತನ್ನು ಮಾನ್ಯ ಮಾಡುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ತೊಡಕು ಇರುವುದು ರೂಢಿಯಲ್ಲಿ. ಲೋಕೋಪಯೋಗಿ ಕಾಮಗಾರಿಗಳಲ್ಲಿ ಬಿಲ್ಲಿನ ಆಧಾರ ಅಳತೆ ಪುಸ್ತಕ. ಸ್ಥಳದಲ್ಲಿ ಅಳೆದು ಬರೆದ ಸಂಖ್ಯೆಗೇ ಹಣ. ಮಾದರಿ 412 ಘನ ಮೀಟರ್ ಕಾಂಕ್ರೀಟ್ ಎಂದು, ಅಳತೆ ಪುಸ್ತಕ 420 ಎಂದು ಹೇಳಿದರೆ ಯಾವುದು ಮೇಲು? ಟೆಂಡರು ಕರೆಯುವ ಮೊದಲೇ ಇದಕ್ಕೆ ಉತ್ತರವಿರಬೇಕು.

ತಂತ್ರಾಂಶದ ಗುಂಡಿಗಳನ್ನು ಕಲಿಸಿದರೆ ಸಾಕು, ಕರಾರು ವಕೀಲರ ಪಾಡು ಎಂಬ ಭಾವನೆ ಸರಿಯಲ್ಲ. ಸಿವಿಲ್ ವಿಭಾಗದ ಅಧ್ಯಾಪಕರು ಮಾದರಿ ರಚಿಸುವ ಪ್ರತಿ ಅಭ್ಯಾಸದ ಕೊನೆಯಲ್ಲೂ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಈ ಅಂಗದ ಕರ್ತೃ ಯಾರು? ಇದನ್ನು ಯಾವ ಕೆಲಸಕ್ಕೆ, ಎಷ್ಟರ ಮಟ್ಟಿಗೆ ನಂಬಬಹುದು? ಕಟ್ಟುವ ಕ್ರಮವನ್ನು ಯಾರು ತಿಳಿಸಬೇಕು? ಕಡತ ಯಾರ ವಶದಲ್ಲಿದೆ? ಈ ನಾಲ್ಕಕ್ಕೆ ಉತ್ತರ ಬರೆಯಲಾಗದ ಮಾದರಿಯನ್ನು ಎಷ್ಟೇ ಅಂದವಾಗಿದ್ದರೂ ಕಟ್ಟಡಕ್ಕೆ ಆಧಾರವಾಗಿ ಬಳಸುವಂತಿಲ್ಲ.