ಸೈಟು ಮಾರಿದವರ ದಾನ

ಮಲೆನಾಡಿನ ಹುಂಚದ ಪಂಚಕೂಟ ಬಸದಿಯನ್ನು ಅರಸುಮನೆತನದ ಚಟ್ಟಲದೇವಿ ಕಟ್ಟಿಸಿದ್ದು 1077ರಲ್ಲಿ. ಆಕೆಯ ಧರ್ಮಕಾರ್ಯ ಬಸದಿಗೇ ನಿಲ್ಲದೆ ಕೆರೆ, ಬಾವಿಗಳಿಗೂ ಹರಡಿತ್ತೆಂದು ಅಲ್ಲಿನ ಶಾಸನ ಹೇಳುತ್ತದೆ. ಅರಸೊತ್ತಿಗೆಯ ದಾನಕ್ಕೂ ಮೂಲ ಒಕ್ಕಲಿನ ದುಡಿಮೆಯೇ, ಹಾಗಾಗಿ ಅದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆದರೆ ಆ ಕಾಲದ ದಾನಶಾಸನಗಳಲ್ಲಿ ಒಂದು ಕಟ್ಟುನಿಟ್ಟಿತ್ತು: ಕಟ್ಟಿಸಿದ್ದು ಮುಂದೆ ನಡೆಯಲು ಯಾವ ಭೂಮಿಯ ಹುಟ್ಟುವಳಿ, ಅದರ ಎಲ್ಲೆ ಎಲ್ಲಿ, ಯಾರ ವಶಕ್ಕೆ ಎಂಬುದನ್ನೆಲ್ಲ ಕಲ್ಲಿನಲ್ಲೇ ಕೊರೆಸುತ್ತಿದ್ದರು. ಇಂದಿನ ರಿಯಲ್ ಎಸ್ಟೇಟ್‌ನವರ ಸಮಾಜಸೇವೆಯನ್ನು ತೂಗಲು ಅಷ್ಟು ಸಾಕು.

ಆ ಸೇವೆಯ ಪಟ್ಟಿ ಎಲ್ಲ ಊರಿನವರಿಗೂ ಗೊತ್ತು: ಶಾಲೆಗೆ ನೋಟ್‌ಬುಕ್, ಗಣಪತಿ ಪೆಂಡಾಲಿಗೆ ವಂತಿಗೆ, ಕ್ರಿಕೆಟ್ ಟೂರ್ನಿಗೆ ಟ್ರೋಫಿ, ಬಸ್‌ಸ್ಟಾಪಿಗೆ ಹೆಸರು ಬರೆಸಿದ ಬೆಂಚು. ಇದರಲ್ಲಿ ಕೆಟ್ಟದ್ದೇನಿಲ್ಲ. ತಕರಾರು ಇರುವುದು ಲೇಔಟಿನ ಪಾರ್ಕು, ರಸ್ತೆ, ನಾಗರಿಕ ಸೌಲಭ್ಯದ ಜಾಗವನ್ನೂ ಉಪಕಾರದ ಲೆಕ್ಕಕ್ಕೆ ಸೇರಿಸುವುದರ ಬಗ್ಗೆ. ಅವು ಅನುಮೋದನೆಯ ಷರತ್ತುಗಳು. 2013ರ ಕಂಪನಿ ಕಾಯ್ದೆಯ 135ನೇ ಕಲಮು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ತೆಗೆದಿಡಲು ಹೇಳುವಾಗಲೂ, ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಅದರ ನಿಯಮಗಳು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಲಮು ಅನ್ವಯಿಸುವುದು ದೊಡ್ಡ ಕಂಪನಿಗಳಿಗೆ ಮಾತ್ರ. ತಾಲೂಕು ಮಟ್ಟದಲ್ಲಿ ಜಮೀನು ಕೊಂಡು ಸೈಟು ಮಾಡುವ ಪಾಲುದಾರರಿಗೆ ಅದೂ ಇಲ್ಲ.

ಮಲೆನಾಡಿನಲ್ಲಿ ಈ ತಕರಾರಿಗೆ ಇನ್ನಷ್ಟು ಬಿಸಿಯಿದೆ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರ ಭೂಸುಧಾರಣೆ ಉಳುವವನಿಗೆ ಭೂಮಿ ಕೊಟ್ಟಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಹೋರಾಡಿ ಪಡೆದ ನೆಲ ಈಗ ‘ವ್ಯೂ’ ಇರುವ ಸರಕು. ಗುಡ್ಡಕ್ಕೆ ಜೆಸಿಬಿ ಹತ್ತಿದರೆ ದರೆ ಕುಸಿದು ಮಣ್ಣು ಇಳಿಯುವುದು ಕೆಳಗಿನವರ ಗದ್ದೆಗೆ. ಬೇಲಿ ಬಿದ್ದರೆ ಮುಚ್ಚಿಹೋಗುವುದು ಅಬ್ಬಿ ನೀರಿನ ದಾರಿ, ಸೊಪ್ಪಿನಬೆಟ್ಟಕ್ಕೆ ಹೋಗುವ ಕಾಲುದಾರಿ. ಸೈಟಿನ ದರ ಏರಿದಂತೆ ಅದೇ ಊರಲ್ಲಿ ಹುಟ್ಟಿದವನಿಗೆ ಮನೆಗೊಂದು ಜಾಗ ಸಿಗುವುದು ಕಷ್ಟವಾಗುತ್ತದೆ.

ಆದ್ದರಿಂದ ಈ ವ್ಯಾಪಾರದ ಮೊದಲ ದಾನ ಕಸಿಯದಿರುವುದು. ಹಳ್ಳ, ಅಗಳು, ಜಾನುವಾರು ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಗ್ರಾಮಸಭೆಯ ಮುಂದಿಟ್ಟು, ಮಾರಾಟಕ್ಕೆ ಮೊದಲೇ ಸಾರ್ವಜನಿಕವೆಂದು ನೋಂದಾಯಿಸಬೇಕು. ಎರಡನೆಯದು, ಒಂದಿಷ್ಟು ಸೈಟನ್ನು ಸ್ಥಳೀಯ ಕುಟುಂಬಗಳಿಗೆ ಅಸಲಿಗೇ ಕೊಡುವುದು. ಮೂರನೆಯದನ್ನು ಹಳೆಯ ದಾನಶಾಸನಗಳಿಂದಲೇ ಕಲಿಯಬಹುದು: ಕೆರೆಯ ಹೂಳೆತ್ತಿಸಿ ಫೋಟೊ ತೆಗೆಸಿಕೊಂಡರೆ ಮುಗಿಯಲಿಲ್ಲ. ಮುಂದಿನ ಮಳೆಗಾಲಗಳಲ್ಲಿ ತೂಬು, ಕೋಡಿ ನೋಡಿಕೊಳ್ಳಲು ಪಂಚಾಯಿತಿಯ ಹೆಸರಲ್ಲಿ ಠೇವಣಿ ಇಡಬೇಕು, ಅದರ ಲೆಕ್ಕ ಊರಿಗೆ ಸಿಗಬೇಕು.

ಇಷ್ಟನ್ನೂ ಮಾಡಿದರೆ ಲಾಭ ಉಳಿಯುತ್ತದೆಯೇ ಎಂದು ಉದ್ಯಮಿ ಕೇಳಬಹುದು. ಕಡಿಮೆಯಾಗುತ್ತದೆ, ನಿಜ. ಆದರೆ ಸೈಟಿಗೆ ಬೆಲೆ ಬಂದದ್ದೇ ಊರಿನ ನೀರು, ನೆರಳು, ಗುಡ್ಡಗಳಿಂದ, ಆ ಲಾಭದಲ್ಲಿ ಊರಿಗೂ ಪಾಲಿದೆ. ಲೇಔಟು ಮುಗಿದು ಐದು ವರ್ಷವಾದ ಮೇಲೆ ಕೆಳಗದ್ದೆಗೆ ನೀರು ಬರುತ್ತಿದೆಯೇ, ಕಾಲುದಾರಿ ತೆರೆದಿದೆಯೇ ಎಂದು ಊರವರನ್ನು ಕೇಳಬೇಕು. ಅವರು ಹೌದೆನ್ನುವ ತನಕ ಟ್ರೋಫಿ, ಬೆಂಚುಗಳನ್ನು ಜಾಹೀರಾತಿನ ಖರ್ಚಿಗೆ ಬರೆಯುವುದೇ ನ್ಯಾಯ.